ಜೋಳದ ಹೊಲದೊಳಗಿನ ಗುಡಿ

ಸಿಂಧನೂರಿನಿಂದ ಮಸ್ಕಿಗೆ ಹೋಗುವ ಬಸ್ಸು ಮುಂಜಾನೆ ಏಳಕ್ಕೆ ಹೊರಡುತ್ತದೆ ಎಂದು ಹಲಗೆಯ ಮೇಲೆ ಉರ್ದುವಿನಲ್ಲಿ ಚೆಂದವಾಗಿ ಬರೆದಿತ್ತು. ಬರೆದವನಿಗೆ ಬಸ್ಸಿನ ವಿಷಯ ಗೊತ್ತಿರಲಿಕ್ಕಿಲ್ಲ. ಯುದ್ಧ ಶುರುವಾದಂದಿನಿಂದ ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದಾರೆ. ಆ ಒಲೆ ಹೊತ್ತಿಕೊಂಡು, ಅದರ ಹೊಗೆ ಇಂಜಿನ್ನಿಗೆ ಒಗ್ಗಿ, ಬಸ್ಸು ಒಮ್ಮೆ ಕೆಮ್ಮಿ ಹೊರಡುವಾಗ ಬಿಸಿಲು ಏರಿತ್ತು. ಮಸ್ಕಿಗೆ ಹದಿನೇಳು ಮೈಲಿ, ತಲೆಗೆ ನಮ್ಮ ಸಂಸ್ಥಾನದ ಹಾಲಿ ಸಿಕ್ಕಾ ನಾಣ್ಯದಲ್ಲಿ ಆರಾಣೆ. ಏರು ಬಂದಾಗ ಇಳಿದು ತಳ್ಳಬೇಕಾದೀತು ಎಂದು ಕಂಡಕ್ಟರು ಮೊದಲೇ ಹೇಳಿಬಿಟ್ಟ. ಅವನ ಪ್ರಾಮಾಣಿಕತೆ ನನಗೆ ಹಿಡಿಸಿತು, ತಳ್ಳುವ ಕೆಲಸ ಹಿಡಿಸಲಿಲ್ಲ.

ಪಕ್ಕದಲ್ಲಿ ಚೌರಪ್ಪ ಕೂತಿದ್ದ. ಮಡಿಲಲ್ಲಿ ಬುತ್ತಿಯ ಗಂಟು, ಅದರ ಮೇಲೆ ಎರಡೂ ಕೈ. ಈ ಪ್ರಯಾಣ ನಿಜಕ್ಕೂ ಅವನದು, ನಾನು ಜೊತೆಗಾರ. ಚೌರಪ್ಪ ನಮ್ಮ ಓಣಿಯ ನೇಕಾರ, ಕ್ರೈಸ್ತ. ತಾನೇ ನೇಯ್ದ ಸೀರೆಗಳನ್ನು ಸಿಂಧನೂರಿನ ಸಂತೆಯಲ್ಲಿ ಮಾರುತ್ತಾನೆ. ಅವನ ಮಗಳು ರೋಜವ್ವನಿಗೆ ಮುದಗಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಹುಡುಗಿಗೂ ಮನಸ್ಸಿತ್ತು. ಆದರೆ ಹುಡುಗನ ತಂದೆ ಇನ್ನಾಸಪ್ಪ ಒಂದು ಮಾತು ತೆಗೆದಿದ್ದ. ಮುದಗಲ್ಲಿನ ಕ್ರೈಸ್ತರಲ್ಲಿ ಕೆಲವು ಮನೆತನಗಳು ಬಿಜಾಪುರದ ಸುಲ್ತಾನರ ಕಾಲದಿಂದಲೂ ಇದ್ದವು. ಅವರಿಗೆ ತಾವು ಹಳಬರೆಂಬ ಹೆಮ್ಮೆ. ಮುಂದೆ ಬರಗಾಲಗಳಲ್ಲಿ ಬಂದು ಸೇರಿದವರನ್ನು ಅವರು ಹೊಸಬರು ಎನ್ನುತ್ತಾರೆ, ಹೆಣ್ಣು ತರುವುದಿಲ್ಲ, ಕೊಡುವುದಿಲ್ಲ.

"ನಿಮ್ಮ ಮಂದಿ ಬರದಾಗ ಗಂಜಿ ಕುಡಿದು ಶಿಲುಬಿ ಹಾಕ್ಕೊಂಡವ್ರು ಅಂದ್ರು ಮಾಸ್ತರ" ಎಂದು ಚೌರಪ್ಪ ಒಂದು ಸಂಜೆ ನನ್ನ ಕಟ್ಟೆಗೆ ಬಂದು ಹೇಳಿಕೊಂಡಿದ್ದ. "ನಮ್ಮಪ್ಪ ಸಾಯೋ ಮಟ ಹೇಳ್ತಿದ್ದ. ನಾವು ಮಸ್ಕಿ ಕಡೆ ಹಂಚಿನಹಾಳದವ್ರು, ಅಲ್ಲಿ ನಮ್ಮದ ಒಂದು ಸಣ್ಣ ಗುಡಿ ಇತ್ತು, ಮುದಗಲ್ಲ ಗುಡಿಯಷ್ಟ ಹಳೇದು ಅಂತ. ಇನ್ನಾಸಪ್ಪನವ್ರು ನಕ್ರು. ಗುರುತು ಇದ್ರ ತಂದು ತೋರ್ಸು, ಉಪವಾಸದ ದಿನ ಶುರು ಆಗೋದ್ರೊಳಗ ಮಾತು ಮುಗಿಸೋಣ ಅಂದ್ರು. ಇಲ್ದಿದ್ರ ಹುಡುಗಗ ಬ್ಯಾರೆ ಕಡೆ ನೋಡ್ತಾರಂತ."

ಚರ್ಚಿಗೆ ಇವರೆಲ್ಲ ಗುಡಿ ಎಂದೇ ಅನ್ನುತ್ತಾರೆ. ಈಸ್ಟರಿಗೆ ಮುಂಚಿನ ಉಪವಾಸ ಶುರುವಾದರೆ ನಲವತ್ತು ದಿನ ಅವರಲ್ಲಿ ಮದುವೆಯ ಮಾತಿಲ್ಲ. ಅಷ್ಟರೊಳಗೆ ಗುರುತು ಸಿಗಬೇಕಿತ್ತು.

ಅವನು ನನ್ನನ್ನೇ ಹುಡುಕಿಕೊಂಡು ಬಂದದ್ದಕ್ಕೆ ಕಾರಣವಿತ್ತು. ನಾನು ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರ. ಹಿಂದೆ ಒಂದು ಬೇಸಿಗೆಯಲ್ಲಿ ಶಾಸನಗಳ ಪ್ರತಿ ತೆಗೆಯಲು ಬಂದ ವಿದ್ವಾಂಸರೊಬ್ಬರ ಹಿಂದೆ ಬ್ರಶ್ಶು, ಬಕೀಟು ಹೊತ್ತುಕೊಂಡು ತಿರುಗಿ ಅಚ್ಚು ತೆಗೆಯುವುದನ್ನು ಕಲಿತಿದ್ದೆ. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ಬಡಿದು ಬಡಿದು ಕೆತ್ತನೆಯೊಳಗೆ ಇಳಿಸಿ, ಅದು ಅರೆ ಒಣಗಿದಾಗ ಮಸಿ ತಟ್ಟಿದರೆ ಕೆತ್ತಿದ್ದು ಬೆಳ್ಳಗೆ, ಉಳಿದದ್ದು ಕಪ್ಪಗೆ ಮೂಡುತ್ತದೆ. ಈ ವಿದ್ಯೆಯನ್ನು ನನ್ನಿಂದ ಯಾರೂ ಕೇಳದೆ ವರ್ಷಗಳಾಗಿದ್ದವು. ಚೌರಪ್ಪ ಕೇಳಿದ ಕೂಡಲೇ ಒಪ್ಪಿದೆ. ಒಂದಷ್ಟು ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ದಾರಿಯುದ್ದಕ್ಕೂ ಎರೆ ನೆಲ. ಒಂದು ಕಡೆ ಹತ್ತಿ ಬಿಡಿಸಿದ ಒಣ ಕಡ್ಡಿ, ಇನ್ನೊಂದು ಕಡೆ ತೆನೆಗಟ್ಟಿದ ಬಿಳಿಜೋಳ. ಸಂಕ್ರಾಂತಿ ಕಳೆದಿತ್ತು. ಮುಂಜಾನೆ ಚಳಿ, ಹತ್ತಕ್ಕೆ ಸುಡುಬಿಸಿಲು. ಎರಡು ಕಡೆ ಇಳಿದು ತಳ್ಳಿದೆವು. ಮಸ್ಕಿ ತಲುಪಿದಾಗ ನನ್ನ ಬಿಳಿ ಅಂಗಿ ಒಲೆಯ ಹೊಗೆಗೆ ಬೂದಿಯ ಬಣ್ಣವಾಗಿತ್ತು. ಅಲ್ಲಿಂದ ಮುಂದಕ್ಕೆ ಬಂಡಿ ಬೇಕು, ಬಂಡಿ ಮರುದಿನಕ್ಕೆ ಎಂದರು. ಚೌರಪ್ಪನಿಗೆ ಚಡಪಡಿಕೆ. ನನಗೆ ಮಾತ್ರ ಒಳಗೊಳಗೇ ಸಂತೋಷ, ಏಕೆಂದರೆ ಮಸ್ಕಿಯ ಗುಡ್ಡದ ಮೇಲೆ ಅಶೋಕನ ಶಾಸನವಿದೆ, ಅದನ್ನು ನೋಡಬೇಕೆಂಬ ಆಸೆ ಬಹಳ ದಿನದ್ದು. ಸಂಜೆ ಹತ್ತಿ ಹೋದೆವು. ಬಂಡೆಯ ಮೇಲಿನ ಅಕ್ಷರಗಳನ್ನು ನಾನು ಬೆರಳಿನಿಂದ ಸವರುತ್ತ ಕೂತೆ.

"ಇದು ಎಷ್ಟು ಹಳೇದ್ರಿ?" ಎಂದು ಚೌರಪ್ಪ ಕೇಳಿದ.

"ಎರಡು ಸಾವಿರ ವರ್ಷದ ಮೇಲಾಯಿತು."

"ಅಷ್ಟು ಹಳೇದು ಹಿಂಗ ಬಯಲಾಗ ಬಿದ್ದೈತಿ. ಅಂದ್ರ ನಮ್ಮದೂ ಎಲ್ಲ್ಯಾರ ಇರಬೇಕಲ್ರಿ" ಎಂದ. ಅವನ ಲೆಕ್ಕ ನನಗೂ ಸರಿಯೆನಿಸಿತು. ಆ ರಾತ್ರಿ ಒಬ್ಬ ಬಟ್ಟೆ ವ್ಯಾಪಾರಿಯ ಪಡಸಾಲೆಯಲ್ಲಿ ಮಲಗಿದೆವು.

ಹಂಚಿನಹಾಳ ಮಸ್ಕಿಯಿಂದ ಲಿಂಗಸುಗೂರಿನ ದಾರಿಯಲ್ಲಿ ಎರಡು ಹರದಾರಿ ಹೋಗಿ ಬಲಕ್ಕೆ ತಿರುಗಿದರೆ ಸಿಗುತ್ತದೆ. ಸಣ್ಣ ಊರು, ಮಣ್ಣಿನ ಮಾಳಿಗೆ ಮನೆಗಳು. ಊರಿನ ಹೊರಗೆ ಒಂದು ದಿಬ್ಬ, ಅದರ ಮೇಲೆ ಮುರಿದ ಕಂಬ, ಬಿದ್ದ ಕಲ್ಲುಗಳು. ನಾನು ಬಂಡಿಯಿಂದ ಹಾರಿಯೇ ಇಳಿದೆ. ಕಂಬದ ಬುಡದಲ್ಲಿ ಅಡ್ಡಗೆರೆ, ಉದ್ದಗೆರೆ ಕಂಡಿತು. "ಸಿಕ್ಕಿತಯ್ಯ ನಿನ್ನ ಗುಡಿ" ಎಂದು ಕಾಗದದ ಸುರುಳಿ ಬಿಚ್ಚಲು ಕೂತೆ. ಅಲ್ಲೇ ಕುರಿ ಮೇಯಿಸುತ್ತಿದ್ದವನೊಬ್ಬ ಹತ್ತಿರ ಬಂದು ನಿಂತ.

"ಮಲ್ಲಯ್ಯನ ಗುಡಿ ಚಿತ್ರ ತಗೀತೀರೇನ್ರಿ? ಆಚಿ ಕಡೆ ಬಸವಣ್ಣ ಅದಾನ, ಕಿವಿ ಒಂದು ಹೋಗೈತಿ, ಬಾಕಿ ಚಲೋ ಅದಾನ."

ಹೋಗಿ ನೋಡಿದರೆ ಬಸವಣ್ಣನಿದ್ದ. ನಾನು ಸುರುಳಿಯನ್ನು ಮತ್ತೆ ಸುತ್ತಿದೆ. ಚೌರಪ್ಪ ನನ್ನ ಬ್ರಶ್ಶು ಎತ್ತಿ ಬಂಡಿಯಲ್ಲಿಟ್ಟ. ಅದರಿಂದ ನನಗೆ ಹೆಚ್ಚು ನಾಚಿಕೆಯಾಯಿತು.

ಊರ ಗೌಡ ಅಮರೇಗೌಡ ನಮ್ಮನ್ನು ಆದರದಿಂದಲೇ ಕಂಡ. ಮೊದಲು ಯಾವ ಪೈಕಿ ಎಂದು ಕೇಳಿದ. ನನ್ನ ಕೊರಳಲ್ಲಿ ಲಿಂಗವಿತ್ತು. ಚೌರಪ್ಪ, "ಕ್ರೈಸ್ತರ್ರಿ, ಮೂಲ ನಿಮ್ಮೂರಿನವ್ರು ಅಂತ ನಮ್ಮಪ್ಪ ಹೇಳ್ತಿದ್ದ" ಎಂದ. ಗೌಡ ಅಚ್ಚರಿಯಿಂದ ಅವನ ಮುಖ ನೋಡಿದ. ನನಗೆ ಪಡಸಾಲೆಯಲ್ಲಿ ಕಂಬಳಿ ಹಾಸಿದರು, ಚೌರಪ್ಪನಿಗೆ ಅಂಗಳದ ಬೇವಿನ ಕೆಳಗೆ ಚಾಪೆ. ಇಬ್ಬರಿಗೂ ಒಂದೇ ಒಲೆಯ ರೊಟ್ಟಿ, ಪುಂಡಿಪಲ್ಯ, ಹಿಂಡಿ ಬಂದವು. ಅವನಿಗೆ ಮುತ್ತುಗದ ಎಲೆಯಲ್ಲಿ ಬಂದಿತು, ನನಗೆ ಕಂಚಿನ ತಾಟಿನಲ್ಲಿ. ಯಾರೂ ಕೆಟ್ಟ ಮಾತು ಆಡಲಿಲ್ಲ. ಇಂಥ ಕಡೆ ಎಲ್ಲವೂ ಮಾತಿಲ್ಲದೆಯೇ ನಡೆಯುತ್ತದೆ.

"ಕ್ರೈಸ್ತರ ಗುಡಿ ನಮ್ಮೂರಾಗ ಯಾವದೂ ಇಲ್ರಿ" ಎಂದ ಗೌಡ. "ಸೀತನಿ ತಿನ್ನಾಕಾರ ಹೊಲಕ್ಕ ಬರ್ರಿ."

ಸೀತನಿ ಎಂದರೆ ಹಾಲುದುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಕಾಳು ತಿನ್ನುವುದು. ಅದಕ್ಕೆ ಇಲ್ಲವೆನ್ನುವವನು ನಾನಲ್ಲ. ಹೊಲದ ನಡುವೆ ಹಕ್ಕಿ ಕಾಯಲು ನಾಲ್ಕು ಗೂಟದ ಎತ್ತರದ ಅಟ್ಟ ಕಟ್ಟಿದ್ದರು. ಗೌಡ ಕೆಂಡ ಮಾಡಿಸುತ್ತಿರುವಾಗ ನಾನು ಗಾಳಿಗೆಂದು ಆ ಅಟ್ಟ ಹತ್ತಿದೆ. ಮೇಲಿನಿಂದ ಹೊಲವೆಲ್ಲ ಒಂದೇ ಸಮ ಹಸಿರು. ಆದರೆ ಮೂಡಣ ದಿಕ್ಕಿಗೆ ಒಂದು ಕಡೆ ಜೋಳ ಮೊಣಕಾಲೆತ್ತರಕ್ಕೆ ನಿಂತು ಹಳದಿಯಾಗಿತ್ತು. ಹಳದಿ ಗೆರೆ ನೆಟ್ಟಗೆ ಹೋಗಿ, ತಿರುಗಿ, ಮತ್ತೆ ನೆಟ್ಟಗೆ ಬರುತ್ತಿತ್ತು. ನಡುವಿನ ಜೋಳ ಮಾತ್ರ ಆಳೆತ್ತರ. ಉದ್ದನೆಯ ಒಂದು ಕೋಣೆಯನ್ನು ಯಾರೋ ಹೊಲದ ಮೇಲೆ ಸೀಮೆಸುಣ್ಣದಿಂದ ಗೀಚಿದ ಹಾಗಿತ್ತು. ಮೂಡಣದ ತುದಿಯಲ್ಲಿ ಆ ಗೆರೆ ಅರ್ಧ ಚಂದ್ರನಂತೆ ಬಾಗಿತ್ತು.

"ಗೌಡರ, ಆ ಜೋಳಕ್ಕೇನಾಗಿದೆ?"

"ಅದು ಬಡ್ಡ ಜಾಗಾರಿ, ಬೆಳಿ ಏಳಂಗಿಲ್ಲ. ನಮ್ಮಪ್ಪ ಉಪ್ಪಿನ ಸವಳು ಅಂತ ತಿಳ್ಕೊಂಡು ವರ್ಷಾ ವರ್ಷಾ ಗೊಬ್ಬರ ಹಾಕಿಸಿದ. ನಾನೂ ಹಾಕಿಸ್ತೀನಿ. ಕುಂಟಿ ಹೊಡದ್ರ ಕೆಳಗ ಕಲ್ಲಿಗೆ ತಾಗ್ತೈತಿ."

ಸವಳಲ್ಲ, ಗೋಡೆ. ನೆಲದಡಿಯಲ್ಲಿ ಗೋಡೆಯ ಬುಡ ಇನ್ನೂ ಉಳಿದಿತ್ತು. ಅದರ ಮೇಲೆ ಮಣ್ಣು ತೆಳು, ಬೇರಿಗೆ ತಂಪಿಲ್ಲ, ಅದಕ್ಕೇ ಜೋಳ ಏಳುತ್ತಿರಲಿಲ್ಲ. ತಂದೆಯೂ ಮಗನೂ ಸೇರಿ ಒಂದು ಗೋಡೆಗೆ ಇಷ್ಟು ವರ್ಷ ಗೊಬ್ಬರ ಹಾಕಿದ್ದರು. ನಾನು ಚೌರಪ್ಪನನ್ನು ಮೇಲೆ ಕರೆದೆ. ಅವನು ಹತ್ತಿದ, ನೋಡಿದ. ಮುದಗಲ್ಲಿನ ಗುಡಿಯಲ್ಲಿ ಪೂಜೆಯ ಪೀಠದ ಹಿಂದೆ ಗೋಡೆ ಹಾಗೆಯೇ ಬಾಗಿದೆಯಂತೆ. ಅವನು ತಲೆಯ ಮೇಲಿನ ರುಮಾಲು ತೆಗೆದ. ಅಟ್ಟ ಸಣ್ಣದು, ಅಲುಗಾಡುತ್ತಿತ್ತು. ಆದರೂ ಅವನು ಅಲ್ಲೇ ಮೊಣಕಾಲೂರಿದ. ಅವನ ಬೆನ್ನು ಅಲ್ಲಾಡುವುದನ್ನು ನೋಡಿ ನನ್ನ ಕಣ್ಣೂ ಒದ್ದೆಯಾಯಿತು.

ಆದರೆ ಹಳದಿ ಜೋಳವನ್ನು ಕಾಗದದ ಮೇಲೆ ಇಳಿಸಿ ಇನ್ನಾಸಪ್ಪನಿಗೆ ತೋರಿಸುವುದು ಹೇಗೆ? ನಾನೊಂದು ನಕ್ಷೆ ಬರೆದುಕೊಂಡೆ. ಅದನ್ನು ಯಾರು ಬೇಕಾದರೂ ಬರೆಯಬಹುದು ಎಂದು ಅವನು ಹೇಳಿಯಾನು. ಕಲ್ಲು ಬೇಕಿತ್ತು. ಇಷ್ಟು ದೊಡ್ಡ ಕಟ್ಟಡದ ಒಂದು ಕಲ್ಲೂ ಹೊಲದಲ್ಲಿರಲಿಲ್ಲ.

ಕಲ್ಲಿನ ಸುದ್ದಿ ಹೇಳಿದ್ದು ಗೌಡನ ತಾಯಿ. ಸಂಜೆ ಮನೆಗೆ ಬಂದು ಗೌಡ ಬಡ್ಡ ಜಾಗದ ಕಥೆಯನ್ನು ನಗುತ್ತ ಹೇಳುವಾಗ ಆಕೆ ಹತ್ತಿಯ ಬೀಜ ಬಿಡಿಸುತ್ತ ಕೂತಿದ್ದಳು.

"ಕಲ್ಲು ಎಲ್ಲಿ ಹೋಗ್ತಾವು, ಬಾವ್ಯಾಗ ಅದಾವು" ಎಂದಳು. "ನಮ್ಮತ್ತಿ ಹೇಳ್ತಿದ್ಳು. ಆ ಜಾಗದಾಗ ಯಾರದೋ ಗುಡಿ ಇತ್ತಂತ. ಮಳಿ ಹೋಗಿ ಊರಿಗೆ ಕುಡಿಯಾಕ ನೀರಿಲ್ದಂಗ ಆತಂತ. ಆ ಗುಡಿ ಮಂದಿನ ಬಾವಿ ತೋಡಿದ್ರು. ನೀರು ಬಿತ್ತು, ಆದ್ರ ಮಣ್ಣು ಕುಸಿಯಾಕತ್ತಿತು, ಕಟ್ಟಾಕ ಕಲ್ಲಿಲ್ಲ. ತಮ್ಮ ಗುಡಿ ತಾವ ಬಿಚ್ಚಿ ಬಾವಿ ಕಟ್ಟಿದ್ರಂತ."

ಚೌರಪ್ಪ ಬೇವಿನ ಕೆಳಗಿನಿಂದಲೇ ಕೇಳಿದ. "ಆಮ್ಯಾಲೆ ಅವ್ರು ಎಲ್ಲಿ ಹೋದ್ರವ್ವ?"

"ಹೋದ್ರು. ಬರಕ್ಕ ಹೋದ್ರೋ, ಯಾರರ ಓಡಿಸಿದ್ರೋ, ಅದನ್ನ ನಮ್ಮತ್ತಿ ಹೇಳಿಲ್ಲ. ಆದ್ರ ಅವ್ರ ಪಾಲು ನಾವು ಇನ್ನೂ ಕೊಡ್ತೀವಿ. ಬಾವಿ ಹೂಳು ತಗದ ಮ್ಯಾಲೆ ಮೊದಲ್ನೇ ಕೊಡದ ನೀರು ಯಾರೂ ಮನಿಗೆ ಒಯ್ಯಂಗಿಲ್ಲ. ಬಡ್ಡ ಜಾಗಕ್ಕ ಒಯ್ದು ಸುರೀತೀವಿ. ಕಟ್ಟಿದವ್ರ ಪಾಲು ಅದು."

ಗೌಡ ತಲೆಯಾಡಿಸಿದ. ಅವನೂ ಚಿಕ್ಕಂದಿನಿಂದ ಆ ನೀರು ಸುರಿದವನೇ. ಸವಳು ತೊಳೆಯಲಿ ಎಂದು ಸುರಿಯುತ್ತಾರೆಂದು ಅವನು ತಿಳಿದಿದ್ದನಂತೆ.

ಮರುದಿನ ಬೆಳಗ್ಗೆ ಬಾವಿಗೆ ಹೋದೆವು. ಒಳ್ಳೆಯ ಮೆಟ್ಟಿಲ ಬಾವಿ. ಬಿಸಿಲುಗಾಲ ಹತ್ತಿರವಾಗಿದ್ದರಿಂದ ನೀರು ಕೆಳಗಿಳಿದು ಮೆಟ್ಟಿಲುಗಳು ಬಹುಪಾಲು ಹೊರಗಿದ್ದವು. ಹೆಂಗಸರು ಕೊಡ ತುಂಬಿಕೊಂಡು ಹೋದ ಮೇಲೆ ಗೌಡ ನನಗೆ ದಾರಿ ಬಿಟ್ಟ. ಚೌರಪ್ಪ ಚಪ್ಪಲಿ ಬಿಟ್ಟು ನನ್ನ ಹಿಂದೆ ಒಂದು ಹೆಜ್ಜೆ ಇಟ್ಟಿದ್ದ.

"ಅವ್ರು ಇಳಿಯಂಗಿಲ್ರಿ ಮಾಸ್ತರ" ಎಂದ ಗೌಡ, ಮೆಲ್ಲಗೆ. "ಊರು ಕುಡಿಯೋ ನೀರು."

"ಅವನ ಹಿರಿಯರು ಕಟ್ಟಿದ ಬಾವಿ ಇದು. ನಿನ್ನೆ ನಿಮ್ಮ ತಾಯಿಯೇ ಹೇಳಿದರಲ್ಲ" ಎಂದೆ. ನನ್ನ ಧ್ವನಿ ಏರಿತ್ತು.

"ಖರೇರಿ. ಆದ್ರ ನಾಳಿ ಊರಿಗೆ ಏನು ಹೇಳ್ಲಿ?"

"ಬ್ಯಾಡ್ರಿ ಮಾಸ್ತರ" ಎಂದು ಚೌರಪ್ಪ ನನ್ನ ತೋಳು ಹಿಡಿದ. "ಜಗಳ ಮಾಡಿದ್ರ ನಿಮ್ಮನ್ನೂ ಇಳಿಸಂಗಿಲ್ಲ. ನನಗ ಅಚ್ಚು ಬೇಕು. ನೀವು ಹೋಗ್ರಿ." ಹೆಜ್ಜೆ ಹಿಂದಿಟ್ಟು ಬಾವಿಯ ದಂಡೆಯಿಂದ ದೂರದಲ್ಲಿ ಕೂತ.

ನನಗೆ ಸಿಟ್ಟು ಬಂದಿತ್ತು, ದುಃಖವೂ ಆಗಿತ್ತು. ಇಳಿದೆ. ನೀರಿಗೆ ಹತ್ತಿರದ ಒಂದು ಮೆಟ್ಟಿಲಲ್ಲಿ ಕಾಲಿಗೆ ಏನೋ ಒರಟಾಗಿ ತಾಗಿತು. ಪಾಚಿ ತಿಕ್ಕಿ ತೆಗೆದೆ. ಶಿಲುಬೆಯೇ. ಕೈಗಳ ತುದಿಯಲ್ಲಿ ಮೂರು ಎಸಳಿನ ಹೂ, ಬುಡದಲ್ಲಿ ಮೆಟ್ಟಿಲಿನಂಥ ಪೀಠ. ಎಷ್ಟೋ ತಲೆಮಾರಿನ ಹೆಂಗಸರ ಪಾದ ತಾಗಿ ನಡುಭಾಗ ಸವೆದಿತ್ತು, ಆದರೆ ಅಂಚು ಗಟ್ಟಿಯಾಗಿತ್ತು. "ಐತಿ ಚೌರಪ್ಪ" ಎಂದು ಕೂಗಿದೆ.

ಕಾಗದ ಹಾಸಿ ಬಡಿಯತೊಡಗಿದೆ. ದೂರ ಕೂತ ಅವನಿಗೆ ಕಾಣಿಸುತ್ತಿದ್ದದ್ದು ಬರೀ ಆಕಾಶವಿರಬೇಕು, ಕೇಳಿಸುತ್ತಿದ್ದದ್ದು ನನ್ನ ಬ್ರಶ್ಶಿನ ಸದ್ದು. ಕಾಗದ ಅರೆ ಒಣಗುವ ತನಕ ಕಾದು ಮಸಿ ತಟ್ಟಿದೆ. ಇಷ್ಟು ಚೊಕ್ಕ ಅಚ್ಚು ನಾನು ಹಿಂದೆಂದೂ ತೆಗೆದಿರಲಿಲ್ಲ. ಮೇಲೆ ಬಂದು ಹಿಡಿದು ತೋರಿಸಿದಾಗ ಚೌರಪ್ಪ ಮುಟ್ಟಲು ಹೋಗಿ, ಮಸಿ ಹಸಿಯಿದೆಯೆಂದು ಕೈ ಹಿಂದೆ ತೆಗೆದುಕೊಂಡ.

ಬಿಸಿಲಿಗೆ ಇಬ್ಬರಿಗೂ ಬಾಯಾರಿತ್ತು. ಗೌಡನ ತಾಯಿ ತಂಬಿಗೆಯಲ್ಲಿ ನೀರು ತಂದಳು. ನನ್ನ ಕೈಗೆ ತಂಬಿಗೆಯನ್ನೇ ಕೊಟ್ಟಳು. ಚೌರಪ್ಪ ಬಗ್ಗಿ ಬೊಗಸೆ ಒಡ್ಡಿದ, ಆಕೆ ಮೇಲಿನಿಂದ ಸುರಿದಳು. ಅವನು ಕುಡಿದು ಮುಖ ಒರೆಸಿಕೊಂಡ. ಆಕೆ ಒಂದು ಗಳಿಗೆ ಅವನನ್ನು ನೋಡುತ್ತ ನಿಂತಳು. ಆಮೇಲೆ ತಾನೇ ಇಳಿದು ಒಂದು ಕೊಡ ತುಂಬಿ, ಆ ವಯಸ್ಸಿನಲ್ಲಿ ಸೊಂಟದ ಮೇಲಿಟ್ಟುಕೊಂಡು ಹೊಲದ ಕಡೆ ನಡೆದಳು. ನಾವು ಹಿಂದೆ ಹೋದೆವು. ಹಳದಿ ಜೋಳದ ಬುಡಕ್ಕೆ ಕೊಡ ಬಗ್ಗಿಸಿದಳು.

"ಹೂಳು ತಗಿಯೋ ದಿನ ಅಲ್ಲ ಇವತ್ತು. ಆದ್ರೂ ನಿಮ್ಮ ಹಿರೇರ ಪಾಲು ನಿಮ್ಮ ಕಣ್ಣ ಮುಂದ ಹಾಕಿದ್ದು ಇರ್ಲಿ" ಎಂದಳು.

ಸತ್ತವರಿಗೆ ಕೊಡ ತುಂಬ, ಬದುಕಿದವನಿಗೆ ಬೊಗಸೆ. ಆಕೆಯ ಮೇಲೆ ಸಿಟ್ಟಾಗಲು ನೋಡಿದೆ, ಆಗಲಿಲ್ಲ. ಚೌರಪ್ಪ ಆಕೆಗೆ ಕೈ ಮುಗಿದ.

ಮಧ್ಯಾಹ್ನ ಹೆದ್ದಾರಿಗೆ ಬಂದು ಬಸ್ಸು ಹಿಡಿದು ಲಿಂಗಸುಗೂರಿಗೆ ಹೋದೆವು. ಅಲ್ಲಿ ಹಳೆಯ ದಂಡಿನ ಛಾವಣಿಯ ಹತ್ತಿರದ ಹೋಟೆಲಿನಲ್ಲಿ ಚಹ, ನಮ್ಮ ಕಡೆ ಮಂಡಾಳು ಎನ್ನುವ ಮಂಡಕ್ಕಿಯ ಒಗ್ಗರಣೆ. ಮುದಗಲ್ಲಿಗೆ ಇನ್ನೂ ಹತ್ತು ಮೈಲಿ. ಚೌರಪ್ಪ ಅಚ್ಚಿನ ಸುರುಳಿಯನ್ನು ಮಗುವಿನಂತೆ ಎದೆಗೆ ಆನಿಸಿಕೊಂಡಿದ್ದ. ಆದರೆ ಮುಖದಲ್ಲಿ ಗೆಲುವಿರಲಿಲ್ಲ.

"ಮಾಸ್ತರ, ನಮ್ಮವ್ರು ತಮ್ಮ ಗುಡಿ ತಾವ ಕೆಡವ್ಯಾರ. ದೇವರ ಕಲ್ಲು ಕಾಲಾಗ ಹಾಕ್ಯಾರ. ಇದನ್ನೂ ಇನ್ನಾಸಪ್ಪನವ್ರಿಗೆ ಹೇಳಬೇಕೇನ್ರಿ?"

"ಹೇಳಬೇಡ" ಎಂದೆ ಥಟ್ಟನೆ. "ಅವರು ಕೇಳಿದ್ದು ಗುರುತು. ಗುರುತು ಕೊಡು, ಬಾಯಿ ಮುಚ್ಚು. ಹಳಬರು ಅನ್ನುವ ಮಾತು ಗಟ್ಟಿಯಾದರೆ ಸಾಕು, ರೋಜವ್ವನ ಮದುವೆ ಆಗುತ್ತದೆ. ಗುಡಿ ಕೆಡವಿದವರ ಮನೆಯ ಹೆಣ್ಣು ಅಂತ ಅವರು ಬೇರೆ ರಾಗ ತೆಗೆದರೆ ಏನು ಮಾಡುತ್ತೀ?"

ಅವನು ಹೂಂ ಎಂದ. ಲೋಕ ಕಂಡವನಂತೆ ಬುದ್ಧಿ ಹೇಳಿದೆನೆಂದು ನಾನು ಸಮಾಧಾನದಿಂದ ಚಹ ಕುಡಿದೆ.

ಮುದಗಲ್ಲು ಮುಟ್ಟಿದಾಗ ಸಂಜೆಯ ಗಂಟೆ ಬಾರಿಸುತ್ತಿತ್ತು. ಇನ್ನಾಸಪ್ಪ ಮಗ್ಗದ ಕುಣಿಯಿಂದ ಮೇಲೆದ್ದು ಬಂದ. ಎತ್ತರದ ಮನುಷ್ಯ, ನರೆತ ಮೀಸೆ, ಎಣಿಸಿ ಆಡುವ ಮಾತು. ಅಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ನಮ್ಮ ಗುಡಿ ಹಳೇ ಬಾಗಲ ಮ್ಯಾಲೂ ಹಿಂಥಾದ್ದ ಐತಿ. ಹೂವಿನ ಎಸಳು ಸೈತ ಹಂಗ ಅದಾವು" ಎಂದ ಕೊನೆಗೆ. "ನಿಮ್ಮಪ್ಪ ಸುಳ್ಳು ಹೇಳಿದ್ದಿಲ್ಲ ಬಿಡು."

ಕೆಲಸವಾಯಿತು. ನಾನು ಎದ್ದು ನಿಂತೆ. ಚೌರಪ್ಪ ಮಾತ್ರ ಏಳಲಿಲ್ಲ.

"ಇನ್ನೊಂದು ಐತ್ರಿ" ಎಂದ. ನಾನು ಅವನನ್ನು ದುರುಗುಟ್ಟಿ ನೋಡಿದೆ. ಅವನು ಹೇಳುತ್ತಲೇ ಹೋದ. ಬಾವಿ, ಮಳೆಯಿಲ್ಲದ ವರ್ಷ, ತಾವೇ ಬಿಚ್ಚಿದ ಗುಡಿ. "ಮದುವಿ ಆದ ಮ್ಯಾಲೆ ಬ್ಯಾರೆ ಯಾರರ ಹೇಳಿದ್ರ ನನ್ನ ಮಗಳು ತಲಿ ತಗ್ಗಿಸಬೇಕಾಗ್ತೈತಿ. ಅದಕ್ಕ ಈಗ ಹೇಳಾಕತ್ತೀನ್ರಿ."

ಇನ್ನಾಸಪ್ಪನ ಹುಬ್ಬು ಗಂಟಾಯಿತು. "ಶಿಲುಬಿ ಮ್ಯಾಲೆ ಮಂದಿ ಕಾಲಿಡ್ತಾರೇನು?"

"ಇಡ್ತಾರ್ರಿ. ನೀರು ತರಾಕ."

"ನೀ ಆ ಕಲ್ಲು ಮುಟ್ಟಿ ಬಂದ್ಯೇನು?"

"ಇಲ್ರಿ. ನನ್ನ ಇಳಿಯಾಕ ಬಿಡ್ಲಿಲ್ಲ. ಮಾಸ್ತರು ಇಳಿದ್ರು. ನಾ ದೂರ ಕುಂತಿದ್ದೆ. ನೀರು ಬೊಗಸಿಗೆ ಹಾಕಿದ್ರು."

ಇನ್ನಾಸಪ್ಪ ಅಚ್ಚನ್ನು ನಿಧಾನವಾಗಿ ಕೆಳಗಿಟ್ಟ. ಒಳಗೆ ಯಾರೋ ಒಲೆ ಊದುವ ಸದ್ದು ಕೇಳುತ್ತಿತ್ತು.

"ನಾ ಹೋಗಿದ್ರ?" ಎಂದು ಕೇಳಿದ. "ನಾನ ಹೋಗಿ, ಸುಲ್ತಾನರ ಕಾಲದ ಮನಿತನ ನಮ್ಮದು ಅಂದಿದ್ರ ಇಳಿಸಿಕೋತಿದ್ರೇನು?"

ಚೌರಪ್ಪ ಹೇಳಿದ. "ನೀವೂ ನನ್ನ ಬಾಜೂಕ ಕುಂಡ್ರಬೇಕಾಗ್ತಿತ್ರಿ."

ಇನ್ನಾಸಪ್ಪ ಅಚ್ಚನ್ನು ಮತ್ತೆ ಎತ್ತಿಕೊಂಡು ಜೋಪಾನವಾಗಿ ಸುರುಳಿ ಸುತ್ತಿದ. ಆಮೇಲೆ ಒಳಗೆ ತಿರುಗಿ ಹೆಂಡತಿಯನ್ನು ಕರೆದ.

"ಮರಿಯವ್ವ, ಸಕ್ರಿ ತಾ. ಬೀಗ್ರು ಬಂದಾರ."

"ಸಕ್ರಿ ಎಲ್ಲೈತಿ ಈ ಯುದ್ಧದಾಗ? ಬೆಲ್ಲ ಐತಿ."

"ಬೆಲ್ಲನ ತಾ."

ಆಕೆ ತಟ್ಟೆಯಲ್ಲಿ ತಂದಿಟ್ಟ ಬೆಲ್ಲವನ್ನು ಇನ್ನಾಸಪ್ಪ ಮುರಿದ. ಚೌರಪ್ಪ ಅಭ್ಯಾಸದಂತೆ ಎರಡೂ ಕೈ ಜೋಡಿಸಿ ಬೊಗಸೆ ಒಡ್ಡಿದ. ಇನ್ನಾಸಪ್ಪ ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ಬೆಲ್ಲವನ್ನು ಅವನ ಬಾಯಿಗೇ ಇಟ್ಟ.